ಅರಮನೆಯ ಹಿತ್ತಲು

ಮನೆ ಕಟ್ಟಿಸುವವರಿಗಿಂತ ಮನೆಯ ಬಗ್ಗೆ ಮಾತಾಡುವವರು ಸುಖಿಗಳು. ನಾನು ಎರಡನೆಯ ಗುಂಪಿನವನು. ಜಪಾನಿನ ನೋಮಿ ಎಂಬ ಊರಿನ ವಿಶ್ವವಿದ್ಯಾಲಯದಲ್ಲಿ ಕೂತು, ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಕಡಲತೀರದ ಒಂದು ಮನೆಸಾಲಿನ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೆ. ಹೋಗಿ ನೋಡೋಣವೆಂದರೆ ಕೊರೊನಾ ಬಂದು ಗಡಿಗಳೆಲ್ಲ ಮುಚ್ಚಿದವು. ನೋಡದ ಮನೆಯ ಬಗ್ಗೆ ಮಾತಾಡಲು ನನಗೆ ಇನ್ನಷ್ಟು ಧೈರ್ಯ ಬಂತು.

ಗೋಡೆಗೆ ಗೋಡೆ ಅಂಟಿಕೊಂಡ ಹನ್ನೆರಡು ಮನೆಗಳು ದೂರದಿಂದ ಒಂದೇ ಅರಮನೆಯಂತೆ ಕಾಣುತ್ತವೆ. ಕೆನೆಬಣ್ಣದ ಗಾರೆ, ಹೊಟ್ಟೆ ಉಬ್ಬಿಸಿದ ಕಿಟಕಿಗಳು, ಸಮುದ್ರ ನೋಡಲು ಕಬ್ಬಿಣದ ಜಾಲರಿಯ ಬಾಲ್ಕನಿಗಳು. ಅದರ ಮಾದರಿಯನ್ನು ರಟ್ಟಿನಲ್ಲಿ ಮಾಡಿ ಊಟದ ಮೇಜಿನ ಮೇಲಿಟ್ಟಿದ್ದೆ. ಎರಡು ತಿಂಗಳಿಂದ ನೆಲದ ಮೇಲೆ ಊಟ. ಜಪಾನಿನಲ್ಲಿ ಇದೇ ಪದ್ಧತಿ ಎಂದು ಹೆಂಡತಿ ಸುಧಾಳಿಗೆ ಸಮಜಾಯಿಷಿ ಕೊಟ್ಟಿದ್ದೆ.

ಒಂದು ದಿನ ಅವಳು ಬಟ್ಟೆ ಒಣಹಾಕಿ ಬಂದವಳೇ, “ರೀ, ಇಷ್ಟು ಚೆಂದದ ಬಾಲ್ಕನೀಲಿ ಅವ್ರು ಬಟ್ಟೆ ಒಣಗಿಸ್ತಿರ್ಲಿಲ್ವಾ?” ಎಂದಳು.

“ಛೇ, ಅದು ಸೀ ವ್ಯೂಗೆ ಕಣೇ!”

“ಮತ್ತೆಲ್ಲಿ ಒಣಗಿಸ್ತಿದ್ರು? ಅಡುಗೆಮನೆ ಎಲ್ಲಿ? ಹಿಂದ್ಗಡೆ ಏನೂ ಮಾಡೇ ಇಲ್ವಲ್ರೀ!”

“ನನ್ನ ಥೀಸಿಸ್ ಇರೋದು ಫ್ರಂಟ್ ಬಗ್ಗೆ. ಹಿತ್ತಲು ಯಾರಿಗೆ ಬೇಕು?” ಎಂದು ರೇಗಿದೆ.

ಮರುದಿನ ಆನ್‌ಲೈನಿನಲ್ಲಿ ನನ್ನ ಪರೀಕ್ಷೆ. ನಪಾಸಾದರೆ ಪಿಎಚ್.ಡಿ.ಗೂ ನೋಮಿಗೂ ಒಟ್ಟಿಗೇ ನಮಸ್ಕಾರ. ಹೆದರಿಕೆಯಿತ್ತು. ಆದರೂ ಮುಕ್ಕಾಲು ಗಂಟೆ ಕೊರೆದೆ. ಸೆನ್ಸೇ, ಅಂದರೆ ನಮ್ಮ ಗುರುಗಳು, ಎಲ್ಲ ಕೇಳಿ, “ತುಂಬ ಚೆನ್ನಾಗಿದೆ. ದಯವಿಟ್ಟು ಮಾದರಿಯನ್ನು ಸ್ವಲ್ಪ ತಿರುಗಿಸುತ್ತೀರಾ?” ಎಂದರು. ತಿರುಗಿಸಿದೆ. ಅರಮನೆಯ ಬೆನ್ನ ಮೇಲೆ ಎರಡು ದಪ್ಪ ಕಿತ್ತಳೆಹಣ್ಣುಗಳ ಚಿತ್ರ! ಕಿತ್ತಳೆಯ ಪೆಟ್ಟಿಗೆ ಕತ್ತರಿಸಿಯೇ ಮಾಡಿದ್ದೆನಲ್ಲ. ಪರದೆಯ ಮೇಲಿನ ಐದು ಮುಖಗಳಲ್ಲಿ ಒಂದೂ ನಗಲಿಲ್ಲ. ಈ ದೇಶದಲ್ಲಿ ಮರ್ಯಾದೆಗೂ ಯಾರೂ ನಗದಿದ್ದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ.

“ಈ ಮನೆಗಳ ಜನ ಬಟ್ಟೆ ಎಲ್ಲಿ ಒಣಗಿಸುತ್ತಿದ್ದರು?” ಸೆನ್ಸೇ ಮೆಲ್ಲಗೆ ಕೇಳಿದರು.

ಕ್ಯಾಮೆರಾಕ್ಕೆ ಕಾಣದಂತೆ ಕೂತಿದ್ದ ಸುಧಾ, ಮಡಚುತ್ತಿದ್ದ ಟವೆಲಿನಿಂದ ಬಾಯಿ ಮುಚ್ಚಿಕೊಂಡಳು. “ಸುಮಿಮಾಸೆನ್, ಕ್ಷಮಿಸಿ,” ಎಂದು ತಲೆ ಬಗ್ಗಿಸಿದೆ. “ಗೊತ್ತಿಲ್ಲ. ನಿನ್ನೆ ನನ್ನ ಹೆಂಡತಿಯೂ ಇದನ್ನೇ ಕೇಳಿದಳು.”

“ಮೂರು ತಿಂಗಳು ಕೊಡುತ್ತೇನೆ. ಹಿಂಭಾಗ ಮಾಡಿಕೊಂಡು ಬನ್ನಿ. ನಿಮ್ಮ ಮನೆಯವರ ಸಲಹೆ ಪಡೆಯಿರಿ.”

ಪಡೆಯುತ್ತಿದ್ದೇನೆ. ಬರೀ ಇಟ್ಟಿಗೆಯ ಹಿಂಗೋಡೆ, ನೆಲಮಾಳಿಗೆಯ ಅಡುಗೆಮನೆ, ಬಟ್ಟೆಯ ಹಗ್ಗ, ಎಲ್ಲ ಹಳೆಯ ನಕ್ಷೆಗಳಲ್ಲೇ ಇದ್ದವು. ನಾನು ಪುಟ ಮಗುಚಿರಲಿಲ್ಲ. ವಿಷಯ ತಲೆಗೆ ಹತ್ತಬೇಕಾದರೆ ಮೊದಲು ನಮ್ಮ ಬಟ್ಟೆ ಒಣಹಾಕಿ ಎಂಬುದು ಸುಧಾಳ ಮೊದಲ ಸಲಹೆ. ಒದ್ದೆ ಬಟ್ಟೆಯ ಬುಟ್ಟಿ ಹಿಡಿದು ಬಾಲ್ಕನಿಗೆ ಹೋಗಿ, “ಕ್ಲಿಪ್ ಎಲ್ಲಿಟ್ಟಿದೀಯೇ?” ಎಂದು ಕೂಗಿದೆ.

“ಎರಡು ವರ್ಷದಿಂದ ಅಲ್ಲೇ ನೇತಾಡ್ತಿದೆ, ತಲೆ ಎತ್ತಿ ನೋಡಿ!”

ಇಂಗ್ಲೆಂಡಿಗೆ ಹೋಗಲು ಗಡಿ ಮುಚ್ಚಿತ್ತು, ಸರಿ. ಈ ಬಾಲ್ಕನಿಯ ಬಾಗಿಲಿಗೆ ಏನಾಗಿತ್ತು?