ಒಂಬತ್ತು ಪೆಟ್ಟಿಗೆಯ ಅತ್ತೆ

ನಮ್ಮ ಅತ್ತೆ ಜೀವಮಾನದಲ್ಲಿ ಬಿಸಾಡಿದ ಒಂದೇ ಒಂದು ಕಾಗದವನ್ನು ಯಾರಾದರೂ ತೋರಿಸಿಬಿಡಿ, ನಾನು ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ! ಮಾರಿಕುಪ್ಪಂ ರೈಲಿನ ಟಿಕೆಟ್ಟು, ಕಡಲೆಕಾಯಿ ಕಟ್ಟಿಕೊಟ್ಟ ಪೊಟ್ಟಣ, ಕರೆಂಟು ಬಿಲ್ಲು, ಯಾರದೋ ನಾಮಕರಣದ ಕರೆಯೋಲೆ, ಎಲ್ಲವೂ ಇವೆ. ಇಲ್ಲದಿರುವುದು ಮದುವೆಯ ಸರ್ಟಿಫಿಕೇಟು ಮಾತ್ರ. "ಅದೊಂದು ಕಾಗ್ದ ಇಟ್ಕಂಡಿದ್ರೆ ಮಿಕ್ಕಿದ್ದನ್ನೆಲ್ಲ ಆವಯ್ಯ ಒಲೆಗಾಕ್ತಿದ್ದ ಕಣೇ" ಎನ್ನುತ್ತಾರೆ. ಆವಯ್ಯ ಎಂದರೆ ಅವರಿಗೆ ಎಂದೂ ಇರದಿದ್ದ ಗಂಡ!

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಕೆಜಿಎಫ್‌ನ ಕಾಲೇಜೊಂದರಲ್ಲಿ ಕನ್ನಡ ಸಾಹಿತ್ಯ ಪಾಠ ಮಾಡಿ ನಿವೃತ್ತರಾದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಮಾತಾಡುವ ಉರಿಗಾಂ ಹುಡುಗರ ಬಾಯಲ್ಲಿ ಷಟ್ಪದಿ ಹಾಡಿಸಿದ ಗಟ್ಟಿಗಿತ್ತಿ. ಈಗ ಬಂಗಾರಪೇಟೆಯಲ್ಲಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ.

ಬರೀ ಕೂಡಿಡುವವರು ಎಲ್ಲ ಊರಲ್ಲೂ ಸಿಗುತ್ತಾರೆ ಬಿಡಿ. ಅತ್ತೆಯ ವಿಶೇಷ ಏನಪ್ಪಾ ಅಂದರೆ, ಅವರು ಕಾಗದಗಳನ್ನು ತಾರೀಖಿನ ಪ್ರಕಾರ ಇಡುವುದಿಲ್ಲ, ಅಕಾರಾದಿಯಾಗಿಯೂ ಇಡುವುದಿಲ್ಲ, ರಸದ ಪ್ರಕಾರ ಇಡುತ್ತಾರೆ! ನವರಸಗಳಿಗೆ ಒಂಬತ್ತು ತಗಡಿನ ಪೆಟ್ಟಿಗೆ. ಕರೆಂಟು ಬಿಲ್ಲು ರೌದ್ರ. ಡಾಕ್ಟರ ಚೀಟಿ ಭಯಾನಕ. ವಿದ್ಯಾರ್ಥಿಗಳು ಬರೆದ ಉತ್ತರಗಳು ಬೀಭತ್ಸ. ಮದುವೆಯ ಕರೆಯೋಲೆಗಳು ಶೃಂಗಾರದಲ್ಲಿರುತ್ತವೆ ಎಂದುಕೊಂಡಿರಾ? ಇಲ್ಲ, ವೀರ! ಶೃಂಗಾರದ ಪೆಟ್ಟಿಗೆಯಲ್ಲಿ ಇರುವುದೆಲ್ಲ ಪುಸ್ತಕದ ಅಂಗಡಿಯ ರಸೀದಿಗಳು.

ಇದರಿಂದ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಒಮ್ಮೆ ಅಪ್ಪನಿಗೆ ಊರಿನ ಚೂರು ಜಮೀನಿನ ಪಹಣಿ ಬೇಕಾಯಿತು. ತಾಲ್ಲೂಕು ಕಚೇರಿಯ ಗುಮಾಸ್ತರು ಊಟಕ್ಕೆ ಏಳುವುದರೊಳಗೆ ಕೊಡಬೇಕು. ಮಳೆ ಕಾಣದ ನೆಲವಲ್ಲವೇ ಎಂದು ಅಪ್ಪ ಕರುಣದ ಪೆಟ್ಟಿಗೆ ಕೆದಕಿದರು. ಅಲ್ಲಿ ನನ್ನ ಹತ್ತನೇ ತರಗತಿಯ ಅಂಕಪಟ್ಟಿ ಸಿಕ್ಕಿತು. ಶಾಂತದಲ್ಲಿ ಹುಡುಕಿದರು, ಅತ್ತೆಯ ನಿವೃತ್ತಿಯ ಆದೇಶ ಸಿಕ್ಕಿತು.

"ಅಕ್ಕಾ, ಪಹಣಿ ಯಾವ ರಸದಾಗ್ ಮಡಗಿದ್ದೀಯ?"

"ಲೇ, ಆ ಬದುವಿನ ಮೇಲೆ ನಮ್ಮಪ್ಪ ದಾಯಾದಿಗಳ ಮುಂದೆ ಗುದ್ದಲಿ ಇಡ್ಕಂಡು ನಿಂತಿದ್ದು ಮರ್ತೋಯ್ತಾ? ವೀರ ಕಣ್ಲಾ, ವೀರ!"

ಗುಮಾಸ್ತರು ಆಗಲೇ ಊಟಕ್ಕೆ ಎದ್ದಿದ್ದರು.

ಅದ್ಭುತದ ಪೆಟ್ಟಿಗೆ ತುಂಬ ವಿದ್ಯಾರ್ಥಿಗಳ ರಜಾ ಚೀಟಿಗಳು. ಹುಡುಗರ ಕಲ್ಪನಾಶಕ್ತಿ ಅರಳುವುದು ಪ್ರಬಂಧದಲ್ಲಲ್ಲ, ರಜಾ ಚೀಟಿಯಲ್ಲಿ ಎಂಬುದು ಅತ್ತೆಯ ಸಿದ್ಧಾಂತ. ಅವರ ಹಳೆಯ ಶಿಷ್ಯನೊಬ್ಬ ಪೊಲೀಸ್ ಇನ್‌ಸ್ಪೆಕ್ಟರ್ ಆಗಿ, ಮೀಸೆ ತಿರುವಿಕೊಂಡು, ಸಂಸಾರ ಸಮೇತ ನಮಸ್ಕಾರ ಮಾಡಲು ಬಂದ. ಅತ್ತೆ ಸಂಭ್ರಮದಿಂದ ಒಳಗೆ ಓಡಿದರು. ಕಾಫಿ ತರುತ್ತಾರೆಂದು ನಾನು ನಂಬಿದ್ದೆ. ತಂದದ್ದು ಅವನ ರಜಾ ಚೀಟಿ! ಅಷ್ಟೂ ಜನರ ಮುಂದೆ ಗಟ್ಟಿಯಾಗಿ ಓದಿದರು: "ನನ್ನ ಪೂಜ್ಯ ಅಜ್ಜಿಯವರು ಸ್ವರ್ಗಸ್ಥರಾದ ಕಾರಣ..."

"ಐಯೋ ಮಿಸ್, ವಿಡುಂಗ ಮಿಸ್!" ಎಂದು ಇನ್‌ಸ್ಪೆಕ್ಟರ್ ಬಿಟ್ಟುಬಿಡುವಂತೆ ಬೇಡುತ್ತಾ ಸೋಫಾದಿಂದ ಎದ್ದ. ಪಕ್ಕದಲ್ಲೇ ಹಲ್ಲಿಲ್ಲದ ಬಾಯಲ್ಲಿ ನಿಪ್ಪಟ್ಟು ನೆನೆಸುತ್ತಿದ್ದ ಆತನ ಅಜ್ಜಿ ತಲೆಯೆತ್ತಿ, "ನಾ ಎಪ್ಪೋಡಾ ಸೆತ್ತೇನ್?" ಎಂದು ಕೇಳಿಯೇಬಿಟ್ಟಿತು. ನಾನು ಯಾವಾಗ ಸತ್ತೆನೋ ಎಂಬ ಈ ಪ್ರಶ್ನೆಗೆ ಇಲಾಖೆಯಿಂದ ಇನ್ನೂ ಉತ್ತರ ಬಂದಿಲ್ಲ.

ಹೀಗಿರುವಾಗ ಬೆಂಗಳೂರಿನ ವಿಶ್ವವಿದ್ಯಾಲಯವೊಂದರ ಪತ್ರಾಗಾರದಿಂದ ಫೋನು ಬಂತು ನೋಡಿ! ಚಿನ್ನದ ಗಣಿಯ ಊರಿನಲ್ಲಿ ಕನ್ನಡ ಕಲಿಸಿದವರ ಕಾಗದಪತ್ರಗಳನ್ನು ಕಾಪಾಡಿ ಇಡುತ್ತಾರಂತೆ. ಅತ್ತೆ ಮನೆಯಿಡೀ ಕುಣಿದಾಡಿದರು. ಮಾರನೆಯ ವಾರವೇ ದಪ್ಪ ಕನ್ನಡಕದ ಅಧಿಕಾರಿಯೊಬ್ಬರು ರೈಲಿನಲ್ಲಿ ಬಂದಿಳಿದರು. ಪೆಟ್ಟಿಗೆಗಳನ್ನು ಕಂಡು ಅವರಿಗೂ ಆವೇಶ ಬಂತು. "ಮೇಡಂ, ಈ ಕ್ರಮ ನಾನು ಎಲ್ಲೂ ನೋಡಿಲ್ಲ! ಅಲ್ಲಾಡಿಸಲ್ಲ, ಹೀಗೇ ಇಡ್ತೀವಿ" ಎಂದರು. ಆಮೇಲೆ ಮೆಲ್ಲಗೆ ರಾಗ ತೆಗೆದರು: "ಪಾಠದ ಟಿಪ್ಪಣಿ, ವಿದ್ಯಾರ್ಥಿಗಳ ಕಾಗದ, ಸಾಹಿತ್ಯದ್ದೆಲ್ಲ ತಗೋತೀವಿ. ಮನೆಯವರ ಕಾಗದ ಮಾತ್ರ ಬೇಡ. ಜಾಗ ಇಲ್ಲ."

ಅತ್ತೆ ಮುಖ ಗಂಟಿಕ್ಕಿಕೊಂಡರು. "ನಮ್ಮಮ್ಮನ ಕಾಗ್ದ ಬ್ಯಾಡ ಅಂದ್ರೆ ನಂದೂ ಇಲ್ಲ. ವಡೆ ತಿಂದು ರೈಲು ಅತ್ತಪ್ಪ."

ನನ್ನ ಅಜ್ಜಿಗೆ, ಅಂದರೆ ಅತ್ತೆಯ ಅಮ್ಮನಿಗೆ, ಓದು ಬರಹ ಬರುತ್ತಿರಲಿಲ್ಲ. ಕ್ಯಾಸಂಬಳ್ಳಿಯ ಹತ್ತಿರದ ಹಳ್ಳಿಯಲ್ಲಿ ಕೂಲಿ ಮಾಡಿ, ಒಂದು ಹಸು ಸಾಕಿ, ಡೈರಿಗೆ ಹಾಲು ಹಾಕಿ ಮಗಳನ್ನು ಓದಿಸಿದವಳು. ಅವಳ ಹೆಸರಲ್ಲಿ ಇದ್ದ ಕಾಗದವೆಂದರೆ ರೇಷನ್ ಕಾರ್ಡು ಮತ್ತು ಹಾಲು ಹಾಕಿದ್ದನ್ನು ಬರೆಯುತ್ತಿದ್ದ ಡೈರಿ ಕಾರ್ಡುಗಳು. ಒಂದು ಫೋಟೋ ಕೂಡ ಇಲ್ಲ. ಅಮ್ಮ ಇದ್ದಳು ಎನ್ನುವುದಕ್ಕೆ ಇಷ್ಟೇ ಸಾಕ್ಷಿ, ಇದು ತನ್ನ ಕಾಗದಗಳ ಪಕ್ಕದಲ್ಲೇ ಇರಬೇಕು ಎಂಬುದು ಅತ್ತೆಯ ಹಟ.

"ರೂಲ್ಸ್ ಹಾಗಿದೆ ಮೇಡಂ" ಎಂದು ಅಧಿಕಾರಿ ಕೈ ಹಿಸುಕಿಕೊಂಡರು. ಅತ್ತೆ ಒಂದು ಡೈರಿ ಕಾರ್ಡನ್ನು ಅವರ ಮುಂದೆ ಹಿಡಿದರು. ಮುಂದುಗಡೆ ಬೆಳಿಗ್ಗೆ ಸಂಜೆಯ ಹಾಲಿನ ಲೆಕ್ಕ, ಅಜ್ಜಿಯ ಹೆಬ್ಬೆಟ್ಟು. ಹಿಂದಿನ ಖಾಲಿ ಜಾಗದಲ್ಲೆಲ್ಲ, ನೋಟ್‌ಬುಕ್ಕಿಗೆ ಗತಿಯಿಲ್ಲದ ಹುಡುಗಿಯಾಗಿದ್ದಾಗ ಅತ್ತೆ ಇರುವೆ ಸಾಲಿನಂಥ ಅಕ್ಷರದಲ್ಲಿ ಇಳಿಸಿಕೊಂಡಿದ್ದ ಪದ್ಯಗಳು, ಅರ್ಥ, ಛಂದಸ್ಸು.

"ಈ ಕಡೆ ಮನೆಯವ್ರುದು. ಈ ಕಡೆ ಸಾಹಿತ್ಯ. ಅರ್ದು ಎರಡು ಮಾಡ್ಕಂಡು ನಿಂಗ್ ಬೇಕಾದ್ದು ತಗಂಡೋಗಪ್ಪ!"

ಅಧಿಕಾರಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಫೋನು ಹಿಡಿದು ಅಂಗಳಕ್ಕೆ ಹೋಗಿ, ಮೇಲಿನವರ ಜೊತೆ ಜಗಳಕ್ಕೇ ನಿಂತರು. ಬೆಂಗಳೂರಿನ ರೈಲು ತಪ್ಪಿತು. ಒಳಗೆ ಬಂದವರೇ, "ಒಂಬತ್ತೂ ಕೊಡಿ ಮೇಡಂ" ಎಂದರು.

ವ್ಯಾನು ಬಂದು ಪೆಟ್ಟಿಗೆಗಳನ್ನು ಹೊತ್ತುಕೊಂಡು ಹೋಯಿತು. ಅಲ್ಲಿಂದ ಶುರುವಾಯಿತು ಅತ್ತೆಯ ಚಡಪಡಿಕೆ. "ಅಮ್ಮನ್ನ ಗೋಡೌನಾಗೆ ಮೂಲೆಗಾಕವ್ರೇನೋ ಕಣೇ. ಆ ಕನ್ನಡಕದವ್ನು ಬಾಯಿ ಮಾತಿಗೆ ಊಂ ಅಂದವ್ನೇನೋ." ಕಾಫಿಗೆ ಸಕ್ಕರೆ ಹಾಕುವಾಗ ಇದೇ, ಹೂವು ಕಟ್ಟುವಾಗ ಇದೇ. ಕೊನೆಗೆ, ಎಲ್ಲ ಜೋಡಿಸಿದ್ದೇವೆ ಬಂದು ನೋಡಿ ಎಂದು ಅಧಿಕಾರಿ ಫೋನು ಮಾಡಿದ್ದೇ ತಡ, ನನ್ನ ಕೈ ಹಿಡಿದು ಎಳೆದುಕೊಂಡು ರೈಲು ಹತ್ತಿದರು.

ಪತ್ರಾಗಾರದ ಬಾಗಿಲಲ್ಲೇ ತಡೆದರು. ಅಲ್ಲಿ ಕೂತಿದ್ದ ಹೆಣ್ಣುಮಗಳು ಗುರುತಿನ ಚೀಟಿ ಕೇಳಿದಳು.

"ಒಳಗೈತೆ" ಎಂದರು ಅತ್ತೆ.

"ಬ್ಯಾಗಿನೊಳಗಾ ಅಮ್ಮಾ?"

"ನಿಮ್ಮೊಳಗೆ. ಭಯಾನಕದ ಪೆಟ್ಟಿಗೇಲಿ."

ಆಧಾರ್ ಕಾರ್ಡಿನ ತಮ್ಮ ಫೋಟೋ ನೋಡಿ ಅತ್ತೆ ಅದನ್ನು ಎಂದೋ ಭಯಾನಕಕ್ಕೆ ಸೇರಿಸಿದ್ದರು! ಈಗ ಕಾರ್ಡು ತೋರಿಸದೆ ಒಳಗೆ ಬಿಡುವಂತಿಲ್ಲ, ಒಳಗೆ ಹೋಗದೆ ಕಾರ್ಡು ಸಿಗುವಂತಿಲ್ಲ. ಈ ಗೋಜಲಿನಲ್ಲಿ ನಾನು ಹೊಟ್ಟೆ ಹಿಡಿದು ನಗುತ್ತಿರುವಾಗ ನಮ್ಮ ಅಧಿಕಾರಿ ಓಡಿ ಬಂದು ಕರೆದುಕೊಂಡು ಹೋದರು.

ಓದುವ ಕೋಣೆ ತಣ್ಣಗಿತ್ತು. ಅತ್ತೆ ಮೇಜಿನ ಮುಂದೆ ಕೂತು, ಎಂದೂ ಕೇಳದ ಸಣ್ಣ ದನಿಯಲ್ಲಿ, "ಅಮ್ಮಂದು ತೋರಿಸ್ತೀಯೇನಪ್ಪ" ಎಂದರು. ಅಧಿಕಾರಿ ಒಳಗೆ ಹೋದರು. ಬರುವುದು ತಡವಾಯಿತು. ಅತ್ತೆ ಸೆರಗಿನ ತುದಿ ಸುತ್ತುತ್ತಾ ಬಾಗಿಲನ್ನೇ ನೋಡುತ್ತಿದ್ದರು.

ಅವರು ಬಂದರು. ಕೈಗೆ ಬಿಳಿ ಗವಸು. ಎರಡೂ ಕೈಯಲ್ಲಿ ಒಂದು ತಟ್ಟೆ, ತಟ್ಟೆಯ ಮೇಲೆ ಬಿಳಿ ಬಟ್ಟೆ, ಅದರ ಮೇಲೆ ಅಜ್ಜಿಯ ಡೈರಿ ಕಾರ್ಡು. ಒಂದೊಂದೇ ಹೆಜ್ಜೆ ಇಟ್ಟು, ಕೂಸನ್ನು ತರುವ ಹಾಗೆ ತರುತ್ತಿದ್ದರು.

ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. "ಡೈರಿಯಾಗೆ ಬರ್ದು ಎಸೀತಿದ್ರು ಕಣೇ ಕಾರ್ಡನ್ನ. ನಮ್ಮ ಕೇರಿಯವ್ರ ಕೈಗೆ ಕೊಡ್ತಿರ್ಲಿಲ್ಲ. ನಮ್ಮಮ್ಮ ತಲೆ ಮೇಲಿನ ಉಲ್ಲಿನೊರೆ ಇಳಿಸ್ದೆ ಬಗ್ಗಿ, ಮಣ್ಣಿಂದ ಎತ್ಕಂತಿದ್ಲು. ನಾ ನೋಡ್ತಾ ನಿಂತಿರ್ತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಅಳಲಿಲ್ಲ. ಅಧಿಕಾರಿ ಹತ್ತಿರ ಬರುತ್ತಿದ್ದಂತೆ ಕುರ್ಚಿ ಸರಿಸಿ, ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ನಾನೂ ಎದ್ದು ನಿಂತೆ.