ಜೋಳದ ಹಿಟ್ಟಿನ ಹಿಮಾಲಯ

ಬೆಳಕು ಹರಿಯುವುದರೊಳಗೆ ಗಿರಿಜವ್ವ ಮುಗಿಸಬೇಕಾದ ಕೆಲಸಗಳು ಇವು: ನಲ್ಲಿ ನಿಲ್ಲುವ ಮೊದಲು ಡ್ರಮ್ಮು, ಕೊಡ, ಬಕೇಟು, ಕಡೆಗೆ ಚಹಾದ ಪಾತ್ರೆಯನ್ನೂ ತುಂಬಿಸುವುದು, ರೊಟ್ಟಿ ಬಡಿಯುವುದು, ಮೂರು ಡಬ್ಬಿ ಕಟ್ಟುವುದು (ಗಂಡನಿಗೆ ಬದನೆಕಾಯಿಯೇ ಬೇಕು, ಮಗಳಿಗೆ ಬದನೆಕಾಯಿ ಬೇಡ, ತನಗೆ ಉಳಿದದ್ದು), ಗಂಡನ ಬನಿಯನ್ನನ್ನು ಮದುವೆಯಾದಂದಿನಿಂದ ಅದು ಇರುವ ಜಾಗದಿಂದಲೇ ಹುಡುಕಿಕೊಡುವುದು, ಮಗಳನ್ನು ಒಂದು ಸಲ ಮೆಲ್ಲಗೆ, ಒಂದು ಸಲ ಜೋರಾಗಿ, ಒಂದು ಸಲ ಪಂಖ ಆರಿಸಿ ಎಬ್ಬಿಸುವುದು. ಇವೆಲ್ಲದರ ನಡುವೆ ಬೆನ್ನಿಗೊಂದು ದೊಡ್ಡ ಚೀಲ ಬಿಗಿದುಕೊಂಡು, ಡೊಂಬಿವಲಿಯ ತಮ್ಮ ಕಟ್ಟಡದ ನಾಲ್ಕು ಮಹಡಿ ಹತ್ತಿ ಇಳಿಯುವುದು.

ಈ ಕಡೆಯದೊಂದೇ ಆಕೆ ತನಗಾಗಿ ಮಾಡಿಕೊಳ್ಳುತ್ತಿದ್ದ ಕೆಲಸ. ಮದುವೆಯಾದ ಮೇಲೆ ಗಿರಿಜವ್ವ ಒಬ್ಬಳೇ ಹೋದ ಅತಿ ದೂರದ ಊರೆಂದರೆ ಥಾಣೆ, ಅದೂ ಆಫೀಸಿಗೆ. ಈಗ ಹಿಮಾಲಯಕ್ಕೆ ಹೊರಟಿದ್ದಳು. ನೆಲಮಹಡಿಯ ಸೋನಾಲಿ, ಉಡುಪಿ ಕಡೆಯ ಹೋಟೆಲಿನವರ ಮಗಳು, ವರ್ಷಕ್ಕೊಮ್ಮೆ ಹೆಂಗಸರ ತಂಡ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತಿಸುವವಳು. ಅವಳದು ಒಂದೇ ಕರಾರು: ತಂತಮ್ಮ ಚೀಲ ತಾವೇ ಹೊರಬೇಕು. ಆಗದವರು ಕೆಳಗಿನ ಡೇರೆಯಲ್ಲೇ ಚಹಾ ಕುಡಿಯುತ್ತ ಕೂತಿರಬೇಕು.

"ಈಗಿಂದಲೇ ಭಾರ ತುಂಬಿಸಿ ಮೆಟ್ಟಿಲು ಹತ್ತಿ ಆಂಟಿ. ಎಂತ ಆದ್ರೂ ಅಡ್ಡಿ ಇಲ್ಲ, ಇಟ್ಟಿಗೆ ಆದ್ರೂ ಆಗ್ತದೆ," ಎಂದಿದ್ದಳು.

ಸುಮ್ಮನೆ ಇಟ್ಟಿಗೆ ಹೊರುವುದು ಗಿರಿಜವ್ವನಿಗೆ ಮನಸ್ಸಿಗೆ ಬರಲಿಲ್ಲ. ಸಂಸಾರಸ್ಥ ಹೆಂಗಸಿಗೆ ನಿರುಪಯೋಗಿ ಭಾರವೆಂದರೆ ಮೈ ಉರಿಯುತ್ತದೆ. ಆಗ ಹೊಳೆಯಿತು, ಆ ಮಹಾ ಉಪಾಯ. ಕಟ್ಟಡದ ಬುಡದಲ್ಲೇ ಗಿರಣಿ ಇತ್ತು. ಇಳಿಯುವಾಗ ಚೀಲದಲ್ಲಿ ಜೋಳ, ಹತ್ತುವಾಗ ಜೋಳದ ಹಿಟ್ಟು! ವ್ಯಾಯಾಮಕ್ಕೆ ವ್ಯಾಯಾಮ, ರೊಟ್ಟಿಗೆ ರೊಟ್ಟಿ.

ಉಪಾಯ ಮಾಡಿದ್ದು ಆಕೆ. ಆದರೆ ಅದರ ನಿಜವಾದ ಬೆಲೆ ಅರಿತವರು ಉಳಿದವರು. ಲಿಫ್ಟು ಕೆಟ್ಟು ಕೂತಿದ್ದ ಕಾಲ ಬೇರೆ.

ಮೊದಲು ಕಿಟಕಿಯಿಂದ ಕುತ್ತಿಗೆ ಚಾಚಿದವನು ಗಂಡ ಮುರುಗೆಪ್ಪ. "ಗಿರಿಜಾ, ಹೆಂಗೂ ಹತ್ತಾಕತ್ತೀಯಲ್ಲ, ಎಲ್ಡ ಕಿಲೊ ಉಳ್ಳಾಗಡ್ಡಿ ಹಾಕ್ಕೊಂಡ ಬಾ!"

ಆಮೇಲೆ ಮಗಳು ಸ್ನೇಹಲ್. ಕನ್ನಡದಲ್ಲಿ ಬೈಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವುದು ಅವಳ ರೂಢಿ. "ಮಮ್ಮಿ, ವೈಸೇ ಭೀ ಊಪರ್ ಆ ರಹೀ ಹೋ ನಾ? ಮೇರಾ ಪಾರ್ಸೆಲ್ ವಾಚ್‌ಮನ್ ಕೇ ಪಾಸ್ ಹೈ." ಹೇಗೂ ಮೇಲೆ ಬರುತ್ತೀಯಲ್ಲ ಎಂದು ವಾಚ್‌ಮನ್ನಿನ ಬಳಿಯಿದ್ದ ಪಾರ್ಸೆಲ್ಲೂ ಚೀಲ ಸೇರಿತು.

ಮೂರನೇ ಮಹಡಿಯ ರತ್ನಾವತಿಗೆ ಊರಿನಿಂದ ತೆಂಗಿನಕಾಯಿ ಬಂತು. "ಗಿರಿಜಕ್ಕ, ನಿಮಗೆ ಹೇಗೂ ಪ್ರಾಕ್ಟೀಸ್ ಆಗ್ತದಲ್ಲ. ನಮಗೆ ಹೊರ್ಲಿಕ್ಕೆ ಆಗುದಿಲ್ಲ ಅಂತ ಅಲ್ಲ ಮಾರಾಯ್ರೆ, ನಿಮಗೆ ಒಳ್ಳೇದಾಗ್ಲಿ ಅಂತ."

ಕಟ್ಟಡದ ಸೊಸೈಟಿಯ ಕಾರ್ಯದರ್ಶಿ ಪುಂಡರೀಕಾಕ್ಷ ರಾಯರಂತೂ ಲಿಫ್ಟಿನ ರಿಪೇರಿಯನ್ನೇ ಮುಂದೂಡಿದರು. ಒಬ್ಬ ಹೆಣ್ಣುಮಗಳ ಸಾಧನೆಗೆ ಸೊಸೈಟಿ ಅಡ್ಡ ಬಂದಂತಾಗಬಾರದಲ್ಲ.

"ಹಿಮಾಲಯಕ್ಕ ನಾ ಹೊಂಟೀನೋ, ನಿಮ್ಮ ಉಳ್ಳಾಗಡ್ಡಿ ಹೊಂಟಾವೋ?" ಎಂದು ಗಿರಿಜವ್ವ ಒಂದು ದಿನ ಏದುಸಿರು ಬಿಡುತ್ತ ಕೇಳಿದಳು.

"ಸಿಟ್ಟಿಗೇಳಬ್ಯಾಡ. ಎತ್ತರದಾಗ ಸಿಟ್ಟು ಮಾಡಿದ್ರ ಉಸಿರು ಕಟ್ಟತೈತಿ," ಎಂದ ಮುರುಗೆಪ್ಪ, ಸೋಫಾದ ಎತ್ತರದಿಂದ.

ಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಮುರುಗೆಪ್ಪ, ಅಂಗಡಿಯ ಕಂಪ್ಯೂಟರಿನಲ್ಲಿ ವಿಡಿಯೋ ನೋಡಿ ನೋಡಿ ಅಷ್ಟರಲ್ಲಿ ಪರ್ವತಾರೋಹಣ ಪಾರಂಗತನಾಗಿಬಿಟ್ಟಿದ್ದ. ಸಾಮಾನು ಹಾಸಿಗೆಯ ಮೇಲೆ ಹರಡಿಕೊಂಡ ದಿನ ಪಾಠ ಶುರುವಾಯಿತು.

"ಹಗುರದ್ದು ತಳಕ್ಕ. ಭಾರದ್ದು ಬೆನ್ನಿಗೆ ಹತ್ತಿರ. ಮಳಿ ಕೋಟು ಕೈಗೆ ಸಿಗೂ ಹಂಗ ಮ್ಯಾಲ. ಇದಕ್ಕೊಂದು ಶಾಸ್ತ್ರ ಐತಿ."

"ಹೌದಾ? ನಿಮ್ಮ ಬನಿಯನ್ನು ಎಲ್ಲೈತಿ ಹೇಳ್ರಿ ನೋಡೂಣು."

ಮುರುಗೆಪ್ಪ ಮಳೆ ಕೋಟನ್ನು ಇನ್ನೊಮ್ಮೆ ಮಡಚತೊಡಗಿದ. "ಅದು ಬ್ಯಾರೆ ಶಾಸ್ತ್ರ."

ಶಾಸ್ತ್ರಜ್ಞ ಒಂದು ಸಣ್ಣ ಕುಕ್ಕರು, ಬಿಸಿನೀರಿನ ರಬ್ಬರು ಚೀಲ, ಮೊಣಕಾಲಿನೆಣ್ಣೆಯ ದೊಡ್ಡ ಸೀಸೆ ತಂದು ತುರುಕಿದ. ಅವನು ಸ್ನಾನಕ್ಕೆ ಹೋದಾಗ ಗಿರಿಜವ್ವ ಮೂರನ್ನೂ ತೆಗೆದಿಟ್ಟಳು. ಚೀಲದಲ್ಲಿ ಉಳಿದದ್ದು ಉಣ್ಣೆಯ ಕಾಲುಚೀಲ, ಒಳಗೆ ತೊಡುವ ಬೆಚ್ಚನೆ ಅಂಗಿ, ಕಪ್ಪು ಕನ್ನಡಕ, ಹಣೆಗೆ ಕಟ್ಟುವ ಬ್ಯಾಟರಿ, ಎತ್ತರದಲ್ಲಿ ಉಸಿರು ಕಟ್ಟಿದರೆ ಮೂಸಲು ಒಂದು ಡಬ್ಬಿ ಕರ್ಪೂರ. ತಳದ ಜಿಪ್ಪಿನೊಳಗೆ ದಪ್ಪ ಜಾಕೆಟ್ಟು. ಅಷ್ಟೇ. ಹೊರಡುವ ದಿನ ಮಧ್ಯಾಹ್ನ ಚೀಲ ಹೊತ್ತು ನೆಲಮಹಡಿಗಿಳಿದಳು. ಸೋನಾಲಿ ಎತ್ತಿ ನೋಡಿ, "ಎ ಒನ್ ಆಂಟಿ!" ಎಂದಳು. ಇಷ್ಟು ಚಿಕ್ಕ ಮಾತಿಗೆ ಯಾಕೆ ಕಣ್ಣು ತುಂಬಿತೋ ಗಿರಿಜವ್ವನಿಗೆ ತಿಳಿಯಲಿಲ್ಲ.

ಹೊರಗೆ ಬಂದರೆ ಗಿರಣಿಯ ಮುಂದೆ ಮುರುಗೆಪ್ಪ ನಿಂತಿದ್ದ. ಕಾಲ ಬಳಿ ಹಿಟ್ಟಿನ ಗಂಟು.

"ನೀ ಇಲ್ಲದಾಗ ರೊಟ್ಟಿ ಬಡಿಯಾಕ ಒಬ್ಬಾಕಿನ್ನ ಗೊತ್ತು ಮಾಡೀನಿ. ಆಕಿಗೆ ಹಿಟ್ಟು ಬೇಕಲ್ಲ," ಎಂದು ಮೀಸೆ ತೀಡಿದ. ತಾನೇ ಗಿರಣಿಗೆ ಬಂದದ್ದು ಅವನ ಬದುಕಿನ ಮೊದಲ ದಂಡಯಾತ್ರೆ. "ಹೆಂಗೂ ಹತ್ತಾಕತ್ತೀಯಲ್ಲ, ಇದೊಂದ ಸಲ..."

ಆಕೆ ಬಾಯಿ ತೆರೆಯುವುದರೊಳಗೆ ತಳದ ಜಿಪ್ಪು ಎಳೆದು, ಜಾಕೆಟ್ಟು ತೆಗೆದು, ಗಂಟು ಒಳಗೆ ತಳ್ಳಿದ. ಜಾಕೆಟ್ಟನ್ನು ಮಾತ್ರ ಸಭ್ಯ ಗೃಹಸ್ಥನಂತೆ ತಾನೇ ಹೊತ್ತು ತಂದ, ಮೇ ತಿಂಗಳ ಬಿಸಿಲಲ್ಲಿ, ತೋಳಿನ ಮೇಲೆ.

"ಹಿಟ್ಟು ತಗದು ಜಾಕೆಟ್ಟು ಹಾಕಿಬಿಡ್ರಿ. ನನಗ ಒಲಿ ಮುಂದ ಕೆಲಸ ಐತಿ," ಎಂದಳು ಮನೆಯೊಳಗೆ ಬಂದು.

"ಹೂಂ ಹೂಂ. ಅದೆಲ್ಲಾ ನನಗ ಬಿಡು."

ಆಕೆ ಬಿಟ್ಟಳು. ತಪ್ಪಾದದ್ದೇ ಅಲ್ಲಿ.

ಸಂಜೆ ಚೀಲ ಹೆಗಲಿಗೇರಿಸಿದಾಗ ಆಕೆಗೆ ಏನೂ ಅನ್ನಿಸಲಿಲ್ಲ. ಆ ಹೆಗಲಿಗೆ ಹಿಟ್ಟಿನ ಭಾರ ಹೊಸದಾಗಿದ್ದರೆ ತಾನೆ? ಕಲ್ಯಾಣ ಸ್ಟೇಷನ್ನಿನ ಸೇತುವೆಯನ್ನು ಗತ್ತಿನಿಂದ ಹತ್ತಿ ಇಳಿದಳು. ಹಿಂದೆ ಕೈಬೀಸಿಕೊಂಡು ಬರುತ್ತಿದ್ದ ಮುರುಗೆಪ್ಪ ಪ್ಲಾಟ್‌ಫಾರ್ಮಿನ ಮೇಲೆ ನಿಂತು ಅಂದ: "ನಿನ್ನ ಪ್ಯಾಂಟಿನ ಮ್ಯಾಲ ಏನಿದು ಬೆಳ್ಳಗ? ಈಗಲೇ ಹಿಮ ಬಿತ್ತೇನು?"

ತಂಡದ ಹೆಂಗಸರೆಲ್ಲ ತಿರುಗಿದರು. ಸೋನಾಲಿ ಬಾಗಿ ತಳದ ಜಿಪ್ಪು ಎಳೆದಳು. ಪುಸ್ಸೆಂದು ಬಿಳಿ ಮೋಡವೆದ್ದಿತು. ಜಾಕೆಟ್ಟು ನಾಲ್ಕನೇ ಮಹಡಿಯ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಿರಿಜವ್ವನಿಗೂ ನಗು ಬಂತು, ಆದರೆ ಮನೆಗೆ ಓಡಿ ಜಾಕೆಟ್ಟು ತರುವಷ್ಟು ಹೊತ್ತಿರಲಿಲ್ಲ. ಗಾಡಿ ಬರುವ ಘೋಷಣೆ ಆಗಿಬಿಟ್ಟಿತ್ತು.

"ಜಾಕೆಟ್ಟಿಲ್ಲದ ಹೆಂಗ ಹೋಗತಿ? ಮುಂದಿನ ವರ್ಷ ನೋಡೂಣಲ್ಲ," ಎಂದ ಮುರುಗೆಪ್ಪ, ಸ್ವಲ್ಪ ಹೆಚ್ಚೇ ಮೃದುವಾಗಿ.

"ಜಾಕೆಟ್ಟು ಅಲ್ಲಿ ಬಾಡಿಗೆಗೆ ಸಿಗ್ತದೆ ಅಂಕಲ್, ತಲೆಬಿಸಿ ಬೇಡ. ಆದ್ರೆ ಈ ಹಿಟ್ಟು ಹೊತ್ಕೊಂಡು ಮೇಲೆ ಹತ್ಲಿಕ್ಕೆ ಆಗುದಿಲ್ಲ."

ಮುರುಗೆಪ್ಪನಿಗೆ ಥಟ್ಟನೆ ಜ್ಞಾನೋದಯವಾಯಿತು. "ಯಾಕಾಗಂಗಿಲ್ಲ? ನಿಮಗೆಲ್ಲಾರಿಗೂ ಹಿಮದಾಗ ಬಿಸಿ ಬಿಸಿ ರೊಟ್ಟಿ ಬಡದ ಹಾಕತಾಳ. ಹೆಂಗೂ ಹೊತ್ತಾಳಲ್ಲ!"

ಬಿಸಿ ರೊಟ್ಟಿ ಎಂದೊಡನೆ ತಂಡದ ಹೆಂಗಸರ ಮುಖ ಅರಳಿತು. ಯಾರೋ "ತುಪ್ಪ ನಾನು ತಂದೀನ್ರಿ" ಎಂದೂ ಅಂದರು. ಘೋರ ಸಂಗತಿಯೆಂದರೆ, ಸ್ವತಃ ಗಿರಿಜವ್ವನ ಬಾಯಿ ತಾನಾಗಿಯೇ ತೆರೆದು "ಹೂಂ, ಅದಕ್ಕೇನ..." ಎನ್ನುವವರೆಗೆ ಬಂದಿತ್ತು. ಹಿಮಾಲಯದಲ್ಲಿ ಕಲ್ಲೊಲೆ ಹೂಡಿ, ತಂಡಕ್ಕೆಲ್ಲ ರೊಟ್ಟಿ ಬಡಿಯುತ್ತ ಕೂತ ತನ್ನನ್ನು ಆಕೆ ಒಂದು ಗಳಿಗೆ ಕಣ್ಣಾರೆ ಕಂಡಳು. ಶಿಖರ ಆಕೆಯ ಬೆನ್ನ ಹಿಂದೆ ಇತ್ತು.

ಬಾಯಿ ಮುಚ್ಚಿದಳು. ಬಗ್ಗಿ ಗಂಟನ್ನು ಹೊರಗೆಳೆದು ಗಂಡನ ಹೆಗಲಿಗೇರಿಸಿದಳು.

"ಹೆಂಗೂ ಮನಿಗೆ ಹೊಂಟೀರಲ್ಲ. ಸಾವಕಾಶ ಹತ್ರಿ. ಭಾರ ಬೆನ್ನಿಗೆ ಹತ್ತಿರ ಇರಲಿ, ಅದಕ್ಕೊಂದು ಶಾಸ್ತ್ರ ಐತಿ."

ಗಾಡಿ ಬಂತು. ಹಗುರಾದ ಚೀಲ ಹೊತ್ತು ಗತ್ತಿನಿಂದ ಮೆಟ್ಟಿಲಿಗೆ ಕಾಲಿಟ್ಟವಳು, ಭಾರವಿಲ್ಲದೆ ನಡೆದು ಗೊತ್ತಿಲ್ಲದ್ದರಿಂದ, ನೇರವಾಗಿ ಸೋನಾಲಿಯ ಮೇಲೆ ಮುಗ್ಗರಿಸಿದಳು. ತಂಡ ಮತ್ತೊಮ್ಮೆ ನಕ್ಕಿತು.

ಘಟ್ಟದ ಬುಡದ ಕಸಾರಾ ದಾಟುತ್ತಿದ್ದಂತೆ ಸ್ನೇಹಲ್‌ಳ ಫೋನು. "ಮಮ್ಮಿ, ಪಪ್ಪಾ ಬೋಲೇ ಬ್ಯಾಗ್ ಮೇಂ ಜಗಾ ಹೋ ಗಯೀ. ಆತೇ ಟೈಮ್ ರಾಜ್ಮಾ, ಅಖರೋಟ್, ಔರ್ ರತ್ನಾ ಆಂಟಿ ಕಾ ಶಾಲ್. ವೈಸೇ ಭೀ ಆತೇ ಟೈಮ್ ತೋ ಸಿರ್ಫ್ ಉತರ್ನಾ ಹೀ ಹೈ!"

ಚೀಲದಲ್ಲಿ ಜಾಗವಾಗಿದೆಯಲ್ಲ, ಬರುವಾಗ ಇದೆಲ್ಲ ತರಬೇಕಂತೆ; ಹೇಗೂ ಇಳಿಯುವುದಷ್ಟೇ ತಾನೆ! ಅಷ್ಟರಲ್ಲಿ ಗಾಡಿ ಸುರಂಗ ಹೊಕ್ಕಿತು, ಫೋನು ಕಟ್ಟಾಯಿತು. ಗಿರಿಜವ್ವ ಕಾಲ ಬಳಿಯ ಚೀಲವನ್ನು ನೋಡಿದಳು. ತಳದಲ್ಲಿ ಒಂದು ಜಾಕೆಟ್ಟು, ಅಥವಾ ನಾಲ್ಕು ಕಿಲೊ ರಾಜ್ಮಾ, ಅಥವಾ ಒಂದು ಶಾಲು ಹಿಡಿಸುವಷ್ಟು ಜಾಗವಿತ್ತು. ಬಾಡಿಗೆ ಜಾಕೆಟ್ಟು ಬೇಕಾದರೆ ಸೊಂಟಕ್ಕೆ ಕಟ್ಟಿಕೊಂಡು ಹೋದೇನು, ಎಂದುಕೊಂಡಳು.

ತಳವನ್ನು ಒಳಕ್ಕೆ ಮಡಚಿ, ಮೊಣಕಾಲು ಊರಿ ಒತ್ತಿ, ಎರಡೂ ಬದಿಯ ಪಟ್ಟಿ ಎಳೆದು ಬಿಗಿದಳು. ಈಗ ಅದರಲ್ಲಿ ಇನ್ನೊಂದು ಉಳ್ಳಾಗಡ್ಡಿಯೂ ಹಿಡಿಯುವಂತಿರಲಿಲ್ಲ.