ಮಾಮಿ, ಕರಿಯ ಮತ್ತು ಇಂಗ್ಲಿಷ್ ನಾಯಿ

ನಾಯಿ ಇರುವ ಮನೆಯಲ್ಲಿ ಒಂದು ವಾರ ಏನೂ ಆಗದೆ ಕಳೆದರೆ, ನಾಯಿಗೆ ಮೈ ಸರಿಯಿಲ್ಲ ಎಂದೇ ತಿಳಿಯಬೇಕು. ಊಟಿ ಕಡೆಯ ನಂಜನಾಡಿನ ಪಕ್ಕದ ಹಟ್ಟಿಗೆ ನಾನು ಸೊಸೆಯಾಗಿ ಬಂದು ಬಾಳಿದ ಇಷ್ಟು ವರ್ಷಗಳಲ್ಲಿ ಅಂಥ ವಾರ ಬಂದದ್ದು ಕಡಿಮೆ. ಮನೆಯಲ್ಲಿ ಮಾವ, ಮಾಮಿ, ನಮ್ಮವರು, ನಾನು. ಅತ್ತೆಯನ್ನು ನಮ್ಮ ಕಡೆ ಮಾಮಿ ಎಂದು ಕರೆಯುತ್ತೇವೆ. ಐದನೆಯವನು ನಾಯಿ ಕರಿಯ. ಲೆಕ್ಕಕ್ಕೆ ಐದನೆಯವನಾದರೂ ಮನೆಗೆ ನನಗಿಂತ ಮೊದಲು ಬಂದವನು. ಅದನ್ನು ಅವನು ಒಂದು ದಿನವೂ ಮರೆಯಲಿಲ್ಲ.

ನೀರು ತಂದದ್ದು

ನಮ್ಮಲ್ಲಿ ಮದುವೆಯಾಗಿ ಬಂದ ಹೆಣ್ಣು ಮೊದಲು ಮಾಡುವ ಕೆಲಸ ಹಳ್ಳಕ್ಕೆ ಹೋಗಿ ಒಂದು ಕೊಡ ನೀರು ತರುವುದು. ಅದನ್ನು ತಂದು ಒಳಗಿಟ್ಟ ಮೇಲೆಯೇ ಅವಳು ಆ ಮನೆಯವಳು. ಹಟ್ಟಿಯ ಹೆಂಗಸರೆಲ್ಲ ಅಂಗಳದಲ್ಲಿ ನಿಂತು, ಹುಡುಗಿ ಹೇಗೆ ನಡೆಯುತ್ತಾಳೆ, ನೀರು ಎಷ್ಟು ಚೆಲ್ಲುತ್ತಾಳೆ ಎಂದು ನೋಡುತ್ತಿರುತ್ತಾರೆ.

ನಾನು ಹೊಸ ಬಿಳಿ ಬಟ್ಟೆ ಉಟ್ಟು, ಕೊಡ ಹಿಡಿದು ಹೊರಟೆ. ಕರಿಯ ಹಿಂದೆಯೇ ಬಂದ. ನನ್ನ ಕಾವಲಿಗೆ ಬಂದನೆಂದು ಸಂತೋಷಪಟ್ಟೆ. ನಾನು ಕೊಡ ತುಂಬುವಷ್ಟರಲ್ಲಿ ಅವನು ಹಳ್ಳಕ್ಕೆ ಹಾರಿ, ಎರಡು ಸುತ್ತು ಈಜಿ, ದಡಕ್ಕೆ ಬಂದು ನನ್ನ ಮಗ್ಗುಲಲ್ಲೇ ನಿಂತು ಮೈ ಕೊಡವಿದ. ನಾನು ಬೆಚ್ಚಿ ಕೊಡವನ್ನು ಎದೆಗೆ ಅಪ್ಪಿಕೊಂಡೆ. ಅದರಲ್ಲಿದ್ದದ್ದೂ ನನ್ನ ಮೇಲೆಯೇ ಬಿತ್ತು. ಮತ್ತೆ ತುಂಬಿಸಿದೆ, ಅವನು ಮತ್ತೆ ಹಾರಿದ. ಮೂರನೆಯ ಸಲ ತುಂಬಿಸುವ ಧೈರ್ಯವಾಗಲಿಲ್ಲ. ಅರ್ಧ ಕೊಡ ನೀರು ಹಿಡಿದು, ತಲೆಯಿಂದ ಪಾದದವರೆಗೆ ತೊಟ್ಟಿಕ್ಕುತ್ತ ಅಂಗಳಕ್ಕೆ ಬಂದು ತಲೆ ತಗ್ಗಿಸಿ ನಿಂತೆ.

ಮಾಮಿ ಕೊಡವನ್ನು ನೋಡಿದರು, ನನ್ನನ್ನು ನೋಡಿದರು. ಇನ್ನು ತವರಿಗೆ ವಾಪಸು ಕಳಿಸುತ್ತಾರೆ ಎಂದುಕೊಂಡೆ.

"ಹೆಣ್ಣೇ, ನೀರು ಕೊಡದಲ್ಲಿ ತಾ ಅಂದಿದ್ದೆವು," ಎಂದರು ಮಾಮಿ. "ನೀನು ಬಟ್ಟೇಲೂ ತಂದಿದೀಯಲ್ಲ. ಒಳಗೆ ಬಾ, ಎರಡನ್ನೂ ಹಂಡೆಗೆ ಹಿಂಡೋಣ."

ಕರಿಯನ ಬೇಸಾಯ

ಮರುವರ್ಷ ಕೆಳಗಿನ ಹೊಲಕ್ಕೆ ಆಲೂಗೆಡ್ಡೆ ಬಿತ್ತಿದೆವು. ನಮ್ಮವರು ಗುದ್ದಲಿಯಲ್ಲಿ ಸಾಲು ಮಾಡುತ್ತ ಹೋದರು, ನಾನು ಬಿತ್ತನೆ ಗೆಡ್ಡೆ ಇಟ್ಟು ಮಣ್ಣು ಮುಚ್ಚುತ್ತ ಹೋದೆ. ಕರಿಯ ದಿಬ್ಬದ ಮೇಲೆ ಕೂತು ಪ್ರತಿಯೊಂದು ಗೆಡ್ಡೆ ಮಣ್ಣಿಗೆ ಹೋಗುವುದನ್ನೂ ಗಮನವಿಟ್ಟು ನೋಡಿದ. ಮಾರನೆಯ ಬೆಳಿಗ್ಗೆ ಮಾಮಿ ಬಾಗಿಲು ತೆಗೆದರೆ ಹೊಸ್ತಿಲ ಮುಂದೆ ಆಲೂಗೆಡ್ಡೆಗಳ ಸಣ್ಣ ರಾಶಿ. ಅವರು ನೋಡುತ್ತಿದ್ದಂತೆಯೇ ಕರಿಯ ಇನ್ನೊಂದನ್ನು ಬಾಯಲ್ಲಿ ತಂದು, ಹಲ್ಲು ತಾಗದಂತೆ ರಾಶಿಯ ಮೇಲಿಟ್ಟು, ಮತ್ತೆ ಹೊಲದ ಕಡೆ ಓಡಿದ. ಮನೆಯವರು ಕಳೆದುಕೊಂಡದ್ದನ್ನೆಲ್ಲ ಹುಡುಕಿಕೊಡುತ್ತಿದ್ದೇನೆ ಎಂದು ಅವನ ಭಾವನೆ.

ನಮ್ಮವರು ಕೋಲು ಹುಡುಕತೊಡಗಿದರು. ಮಾವ ಅಡ್ಡ ಬಂದು, ಮೂರು ತಿಂಗಳು ಕಾಯಬೇಕಾದ ಬೆಳೆಯನ್ನು ಒಂದು ಬೆಳಿಗ್ಗೆಗೆ ತೆಗೆದುಕೊಟ್ಟವನಿಗೆ ಹೊಡೆಯುವುದು ನ್ಯಾಯವಲ್ಲ ಎಂದರು. ಗೆಡ್ಡೆಗಳನ್ನು ಮತ್ತೆ ಬಿತ್ತಿದೆವು. ಈ ಸಲ ಕರಿಯನನ್ನು ಕೊಟ್ಟಿಗೆಯಲ್ಲಿ ಕಟ್ಟಿ.

ಅವನ ದಿನ ಬಂದದ್ದು ಕೊಯ್ಲಿನಲ್ಲಿ. ಅಗೆದು ಮುಗಿಸಿದ ಹೊಲಕ್ಕೆ ಅವನನ್ನು ಬಿಟ್ಟರೆ, ನಮ್ಮ ಕಣ್ಣಿಗೆ ಬೀಳದೆ ಉಳಿದ ಗೆಡ್ಡೆಗಳನ್ನು ಮೂಸಿ ಮೂಸಿ ಕೆದರಿ ತೆಗೆದ. ಎರಡು ಬುಟ್ಟಿಯಾಯಿತು. ಸುದ್ದಿ ಹರಡಿ ಸುತ್ತಲಿನ ಹಟ್ಟಿಗಳವರು ಅವನನ್ನು ಕೇಳಿಕೊಂಡು ಬರತೊಡಗಿದರು. ಒಬ್ಬ ಗೌಡರಂತೂ ಅಂಗಳದಲ್ಲಿ ನಿಂತು, ನಾಳೆ ಕರಿಯನನ್ನು ತಪ್ಪದೆ ಕಳಿಸಿಕೊಡಿ ಎಂದು ಮಾವನಿಗೆ ಹೇಳಿ, ಹೊರಡುವಾಗ ನಮ್ಮವರ ಕಡೆ ತಿರುಗಿದರು.

"ನಿನಗೂ ಬಿಡುವಿದ್ದರೆ ಅವನ ಜೊತೆ ಬಾಪ್ಪಾ."

ನಮ್ಮವರು ಎರಡು ದಿನ ಕರಿಯನ ಹತ್ತಿರ ಮಾತು ಬಿಟ್ಟರು.

ಟಿಕೆಟು

ಊಟಿಗೆ ರೈಲು ಬಂದು ಕೆಲವು ವರ್ಷವಾಗಿದ್ದರೂ ನಮ್ಮ ಮನೆಯಲ್ಲಿ ಯಾರೂ ಹತ್ತಿರಲಿಲ್ಲ. ನನ್ನ ತವರು ಕೇತಿಯ ಹತ್ತಿರದ ಹಟ್ಟಿ. ಅಲ್ಲಿ ಹಬ್ಬಕ್ಕೆ ಕರೆ ಬಂದಾಗ ಮಾವ, ಈ ಸಲ ರೈಲಿನಲ್ಲೇ ಹೋಗೋಣ ಎಂದರು. ಅದುವರೆಗೆ ನಾನು ತವರಿಗೆ ನಡೆದೇ ಹೋಗುತ್ತಿದ್ದೆ. ಕರಿಯ ಜೊತೆಗೆ ಬರುತ್ತಿದ್ದ. ರೈಲಿಗೆ ನಾಯಿ ಬೇಡವೆಂದು ಅವನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ, ಅವನ ಊಳು ಕೇಳಿಸದಷ್ಟು ಬೇಗ ಬೇಗ ನಡೆದು ಊಟಿ ಸೇರಿದೆವು.

ಬಂಡಿ ಹೊರಟಿತು. ಮಾಮಿ ಎರಡೂ ಕೈಯಲ್ಲಿ ಹಲಗೆ ಹಿಡಿದು ಕೂತರು. ಮಾವ ಮಾತ್ರ ದೊರೆಗಳಂತೆ ಕಿಟಕಿಗೆ ಮೊಣಕೈ ಕೊಟ್ಟು, ಎಂಥ ವೇಗ ನೋಡಿ, ಕುದುರೆಗೂ ಆಗದು ಎಂದು ಎದುರಿಗೆ ಕೂತವರಿಗೆ ಹೇಳುತ್ತಿದ್ದರು. ಲವ್‌ಡೇಲ್ ದಾಟಿ ಬಂಡಿ ಬೆಟ್ಟ ಸುತ್ತುವಾಗ ನಾನು ಮೇಲಿನ ಕಾಲುದಾರಿ ನೋಡಿದೆ. ಅಲ್ಲಿ ಕಪ್ಪಗೆ ಏನೋ ಓಡುತ್ತಿತ್ತು. ಅದರ ಕುತ್ತಿಗೆಯಿಂದ ಮೊಳದುದ್ದ ಹಗ್ಗ ನೇತಾಡುತ್ತಿತ್ತು. ಮಾವನ ಸಂತೋಷ ಕೆಡುವುದೆಂದು ಬಾಯಿ ಬಿಡಲಿಲ್ಲ. ಬಂಡಿ ಬಳಸಿ ಬಳಸಿ ಇಳಿಯಿತು. ಕಾಲುದಾರಿ ನೆಟ್ಟಗೆ ಇಳಿಯುತ್ತದೆ.

ಕೇತಿಯಲ್ಲಿ ಬಂಡಿ ನಿಂತಾಗ ಕರಿಯ ಪ್ಲಾಟ್‌ಫಾರಮ್ಮಿನ ನಡುವೆ ಕೂತಿದ್ದ. ನಾಲಿಗೆ ಹೊರಗಿತ್ತು, ಅಷ್ಟೇ. ನಮ್ಮನ್ನು ಎದುರುಗೊಳ್ಳಲು ಬಂದ ಬೀಗರ ಹಾಗೆ ಎದ್ದು ಬಂದ. ಸ್ಟೇಷನ್ ಮಾಸ್ಟರೂ ಬಂದರು. ನಾಯಿ ಯಾರದು, ಅದರ ಟಿಕೆಟು ಎಲ್ಲಿ ಎಂದು ತಮಿಳಿನಲ್ಲಿ ಗದರಿದರು. ಮಾವ ಅಷ್ಟೇ ಶಾಂತವಾಗಿ, ಇವನು ನಿಮ್ಮ ರೈಲಿನಲ್ಲಿ ಬಂದವನಲ್ಲ ಎಂದರು. ಮತ್ತೆ ಹೇಗೆ ಬಂದ ಎಂದು ಮಾಸ್ಟರು ಕೇಳಿದರು.

"ಅವನಿಗೆ ಅವಸರ ಇತ್ತು ಸ್ವಾಮಿ," ಎಂದರು ಮಾವ. "ನಡೆದು ಬಂದ."

ಕಚ್ಚಿಸಿಕೊಂಡವರು

ಕರಿಯ ಮುದುಕನಾದ. ಕಿವಿ ಹೋಯಿತು, ಹಿಂಗಾಲು ಎಳೆಯುತ್ತಿದ್ದ. ಒಂದು ಬೆಳಿಗ್ಗೆ ಬಿಸಿಲು ಕಾಯಿಸುತ್ತ ಅಂಗಳದಲ್ಲಿ ಮಲಗಿದವನು ಏಳಲಿಲ್ಲ. ಹಿಟ್ಟು ತಿನ್ನಲು ಕರೆದು ಕರೆದು ಮಾಮಿ ಹತ್ತಿರ ಹೋಗಿ ಕೂತರು. ಆಮೇಲೆ ಅವರ ಕೈ ಅವನ ತಲೆಯ ಮೇಲೆ ಹಾಗೇ ಉಳಿಯಿತು. ನಮ್ಮವರು ಆಲೂಗೆಡ್ಡೆ ಹೊಲದ ಬದುವಿನಲ್ಲಿ ಗುಂಡಿ ತೋಡಿದರು. ಆ ದಿನ ಮನೆಯಲ್ಲಿ ಒಲೆ ಹಚ್ಚಿದ್ದು ಸಂಜೆಗೇ.

ಮೊದಲು ಬಂದು ಕೂತವರು ಮೇಲಿನ ಸಾಲಿನ ಮನೆಯ ಅಜ್ಜ. ನಮಗೆಲ್ಲ ಆಶ್ಚರ್ಯ. ಕರಿಯ ಅವರನ್ನು ಮೂರು ಸಲ ಕಚ್ಚಿದ್ದ. ಅವರು ನಮ್ಮ ಅಂಗಳ ದಾಟುವಾಗಲೆಲ್ಲ ಬೊಗಳಿ ಹಟ್ಟಿ ಎಬ್ಬಿಸುತ್ತಿದ್ದ. ಪೀಡೆ ತೊಲಗಿತು ಎಂದು ಹೇಳಲು ಬಂದರೇನೋ ಎಂದುಕೊಂಡೆ. ಅಜ್ಜ ಬದುವನ್ನೇ ನೋಡುತ್ತ ಪಂಚೆಯ ಚುಂಗಿನಲ್ಲಿ ಕಣ್ಣೊರೆಸಿಕೊಂಡರು.

"ನನ್ನ ಮನೇಲಿ ನಾನು ಬಂದರೂ ತಿಳಿಯೋದಿಲ್ಲ, ಹೋದರೂ ತಿಳಿಯೋದಿಲ್ಲ. ಇಡೀ ಹಟ್ಟೀಲಿ ನನ್ನ ಕಂಡ ಕೂಡಲೇ ಎದ್ದು ನಿಲ್ಲುತ್ತಿದ್ದವನು ಇವನೊಬ್ಬ."

ಅಳುತ್ತಿದ್ದ ಮಾಮಿಗೆ ನಗು ತಡೆಯಲಾಗಲಿಲ್ಲ. ಅಜ್ಜನೂ ನಕ್ಕರು. ಕಾಲಿನ ಕಲೆಗಳನ್ನು ಒಂದೊಂದಾಗಿ ತೋರಿಸಿ, ಇದು ಇಂಥ ವರ್ಷದ್ದು ಎಂದು ಹೇಳಿಯೇ ಎದ್ದರು.

ಐದು ಮಾತು

ಇನ್ನು ನಾಯಿ ಬೇಡ ಎಂದಿದ್ದರು ಮಾಮಿ. ಆದರೆ ನಮ್ಮವರು ಊಟಿಯಲ್ಲಿ ತರಕಾರಿ ಕೊಡುತ್ತಿದ್ದ ಬಂಗಲೆಯ ಮುದುಕ ಬಿಳಿ ದೊರೆ ತನ್ನ ಸೀಮೆಗೆ ವಾಪಸು ಹೊರಟಾಗ, ತನ್ನ ನಾಯಿಯನ್ನು ಒಳ್ಳೆಯ ಮನೆಗೆ ಸೇರಿಸಬೇಕೆಂದು ಇವರ ಕೈಗೇ ಕೊಟ್ಟ. ಹೆಸರು ಜ್ಯಾಕ್. ಬಿಳಿ ಮೈ, ಒಂದು ಕಂದು ಕಿವಿ. ಅದಕ್ಕೆ ಇಂಗ್ಲಿಷು ಬಿಟ್ಟು ಬೇರೆ ಮಾತು ತಿಳಿಯದು. ಬಾ ಎಂದರೆ ಬರದು, ಹೋಗು ಎಂದರೆ ಹೋಗದು. ಕೊನೆಗೆ ನಮ್ಮವರು ಬಂಗಲೆಯ ಬಟ್ಲರನ್ನು ಕೇಳಿ ಐದು ಮಾತು ಕಲಿತು ಬಂದರು: ಕಮ್, ಸಿಟ್, ನೋ, ಡ್ರಾಪ್ ಇಟ್, ಗುಡ್ ಬಾಯ್. ಹಗಲೆಲ್ಲ ನಾಯಿಯ ಜೊತೆ ಇರುವವರು ಮಾಮಿ. ಆದ್ದರಿಂದ ಪಾಠ ಅವರಿಗೇ ಆಯಿತು.

"ಸಿಟ್ಟು" ಎನ್ನುತ್ತಿದ್ದರು ಮಾಮಿ. ನಾಯಿ ಕೂರುತ್ತಿತ್ತು. ನನಗೆ ಸಿಟ್ಟು ಬಂದರೆ ನೀವೆಲ್ಲ ಎದ್ದು ಓಡುತ್ತೀರಿ, ಮರ್ಯಾದೆಯಿಂದ ಕೂರುವುದು ಇದೊಂದೇ ಎಂದು ಅವರಿಗೆ ಹೆಮ್ಮೆ.

ಆ ವರ್ಷವೇ ನಮ್ಮ ಹಟ್ಟಿಗೆ ಒಂದು ಕಷ್ಟ ಬಂತು. ಸರ್ಕಾರದವರು ಮೇಲಿನ ಹುಲ್ಲುಗಾವಲನ್ನು ಅಳೆದು, ಬೇಲಿ ಹಾಕಿ, ಮರ ನೆಡುತ್ತಾರೆ ಎಂದು ಸುದ್ದಿಯಾಯಿತು. ಎಮ್ಮೆಗಳು ಮೇಯುವುದು ಅಲ್ಲಿ. ನಾವು ಕುಡಿಯುವ ನೀರಿನ ಸೆಲೆ ಹುಟ್ಟುವುದೂ ಅಲ್ಲೇ. ಗಂಡಸರು ಅರ್ಜಿ ಬರೆಸಲು ಊಟಿಗೆ ಹೋದ ದಿನವೇ ಅಳತೆಯ ದೊರೆ ಬಂದುಬಿಟ್ಟ. ಹರೆಯದವನು, ಉದ್ದ ಕಾಲು. ಅವನ ಮಾತನ್ನು ನಮಗೆ ತಿಳಿಸಬೇಕಾದ ಗುಮಾಸ್ತ ದಪ್ಪ ಆಳು, ಏರು ಹತ್ತಲಾರದೆ ಕೆಳಗೇ ಉಳಿದಿದ್ದ. ದೊರೆ ಕಂಕುಳಲ್ಲಿ ಗೂಟದ ಕಟ್ಟು ಹಿಡಿದು ನೇರವಾಗಿ ಸೆಲೆಯ ಬಾಯಿಗೇ ಬಂದು, ಒಂದು ಗೂಟ ಊರಿ, ಸುತ್ತಿಗೆ ಎತ್ತಿದ. ನಾನೂ ಮಾಮಿಯೂ ಕೊಡ ಹಿಡಿದು ಅಲ್ಲೇ ಇದ್ದೆವು. ಜ್ಯಾಕ್ ನೀರಿನಲ್ಲಿ ಆಡುತ್ತಿತ್ತು.

ಮಾಮಿ ಕೊಡ ಕೆಳಗಿಟ್ಟು ಎರಡು ಹೆಜ್ಜೆ ಮುಂದೆ ಹೋದರು.

"ನೋ," ಎಂದರು.

ದೊರೆಯ ಸುತ್ತಿಗೆ ಮೇಲೆಯೇ ನಿಂತಿತು.

"ಡ್ರಾಪ್ ಇಟ್."

ದೊರೆ ಸುತ್ತಿಗೆ ಬಿಟ್ಟ. ಕಂಕುಳಿನ ಗೂಟಗಳೂ ಬಿದ್ದವು. ಜ್ಯಾಕ್ ಕೂಡ ಬಾಯಲ್ಲಿದ್ದ ಕಡ್ಡಿ ಬಿಟ್ಟಿತು.

"ಕಮ್."

ಇಬ್ಬರೂ ಬಂದರು.

"ಸಿಟ್ಟು," ಎಂದು ಮಾಮಿ ಬಂಡೆ ತೋರಿಸಿದರು. ಇಬ್ಬರೂ ಅಕ್ಕಪಕ್ಕ ಕೂತರು. ಮಾಮಿ ಒಬ್ಬರಾದ ಮೇಲೆ ಒಬ್ಬರನ್ನು ನೋಡಿ, ಯಾರಿಗೂ ಬೇಸರವಾಗದ ಹಾಗೆ ನಡುವೆ ನೋಡಿ "ಗುಡ್ ಬಾಯ್" ಎಂದರು.

ದೊರೆ ಕೆಂಪಾದ. ಆಮೇಲೆ ಟೊಪ್ಪಿಗೆ ತೆಗೆದು ತುಂಬ ಹೊತ್ತು ನಕ್ಕ. ನಾನು ಮನೆಗೆ ಓಡಿ ಮಜ್ಜಿಗೆ ತಂದುಕೊಟ್ಟೆ. ಅವನು ಕುಡಿದು ಮುಗಿಸುವ ಹೊತ್ತಿಗೆ ಗುಮಾಸ್ತ ಏದುಸಿರು ಬಿಡುತ್ತ ಬಂದ. ಆಮೇಲೆ ಮಾಮಿ ನಮ್ಮ ಮಾತಿನಲ್ಲೇ ಎಲ್ಲ ಹೇಳಿದರು. ದೊರೆಗೆ ಸೆಲೆ ತೋರಿಸಿದರು, ಎಮ್ಮೆ ದಾರಿ ತೋರಿಸಿದರು, ಇದು ಬತ್ತಿದರೆ ಇಷ್ಟು ಮನೆಗೂ ನೀರಿಲ್ಲ ಎಂದು ಒಂದೊಂದು ಮನೆಯ ಕಡೆಗೂ ಕೈ ಮಾಡಿದರು. ದೊರೆ ನಕ್ಷೆ ಬಿಚ್ಚಿ, ಹಳೆಯ ಗೆರೆ ಹೊಡೆದು ಹಾಕಿ, ಗೂಟಗಳನ್ನೆಲ್ಲ ದೂರದ ದಿಣ್ಣೆಯಾಚೆ ನೆಡಿಸಿದ. ಸೆಲೆಯೂ ಹುಲ್ಲೂ ನಮಗೇ ಉಳಿದವು. ಇಂದಿಗೂ ಆ ನೀರನ್ನೇ ಕುಡಿಯುತ್ತಿದ್ದೇವೆ.

ಹೊರಡುವಾಗ ದೊರೆ, ಈ ಅಮ್ಮ ಇಷ್ಟು ಒಳ್ಳೆಯ ಇಂಗ್ಲಿಷು ಎಲ್ಲಿ ಕಲಿತರು ಎಂದು ಗುಮಾಸ್ತನಿಂದ ಕೇಳಿಸಿದ. ಮಾಮಿ ಜ್ಯಾಕ್ ಕಡೆ ಬೆರಳು ಮಾಡಿ, ಇದರ ಹತ್ತಿರ ಎಂದರು. ಗುಮಾಸ್ತನ ಮುಖ ಬಿಳುಚಿತು. ನಾಯಿಯ ಮಾತನ್ನು ದೊರೆಗೆ ಆಡಿದ್ದಾರೆ ಎಂದು ಹೇಳಿದರೆ ತನ್ನ ಕೆಲಸವೇ ಹೋದೀತೆಂದು ಅವನಿಗೆ ಹೆದರಿಕೆ. ಮೇಷ್ಟ್ರೊಬ್ಬರು ಮನೆಗೇ ಬಂದು ಕಲಿಸುತ್ತಾರಂತೆ ಎಂದು ಇಂಗ್ಲಿಷಿನಲ್ಲಿ ತಿರುಗಿಸಿದ. ಮಿಷನ್ ಶಾಲೆಯಲ್ಲಿ ಮೂರನೆಯ ತರಗತಿವರೆಗೆ ಓದಿದ್ದ ನನಗೆ ಇಂಗ್ಲಿಷು ಆಡಲು ಬಾರದಿದ್ದರೂ ಕೇಳಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ದೊರೆ ಗುಮಾಸ್ತನನ್ನು ಮೇಲಿಂದ ಕೆಳಗೆ ನೋಡಿ ನಾಲ್ಕು ಮಾತು ಹೇಳಿ ಇಳಿದು ಹೋದ. ಗುಮಾಸ್ತ ಪೆಚ್ಚಾಗಿ ಅಲ್ಲೇ ನಿಂತ.

ದೊರೆ ಏನಂದ ಎಂದು ಮಾಮಿ ನನ್ನನ್ನು ಕೇಳಿದರು. ನಾನು ಹೇಳಿದೆ: ನಿನ್ನ ಇಂಗ್ಲಿಷು ನನಗೆ ಇಷ್ಟು ದಿನವಾದರೂ ಅರ್ಥವಾಗಿಲ್ಲ, ಈ ಅಮ್ಮನದು ಐದೇ ಮಾತಿಗೆ ಅರ್ಥವಾಯಿತು, ನಾಳೆಯಿಂದ ನೀನೂ ಆ ಮೇಷ್ಟ್ರ ಹತ್ತಿರವೇ ಪಾಠಕ್ಕೆ ಹೋಗು ಎಂದು ಹೇಳಿದ್ದಾನೆ.

ಮಾಮಿ ಗುಮಾಸ್ತನ ದಪ್ಪ ಮೀನಖಂಡವನ್ನು ನೋಡಿದರು. ಅದನ್ನೇ ನೋಡುತ್ತ ಕೂತಿದ್ದ ಜ್ಯಾಕನ್ನೂ ನೋಡಿದರು.

"ಧಾರಾಳವಾಗಿ ಬರಲಿ," ಎಂದರು. "ಆದರೆ ಮೇಷ್ಟ್ರು ಕಚ್ಚುತ್ತಾರೆ ಅಂತ ಈಗಲೇ ಹೇಳಿಬಿಡು."